ಭಾನುವಾರದ ದನಿ

ಚಿಕ್ಕವನು ಗಂಟಲು ಸರಿಮಾಡಿಕೊಂಡ. ತನ್ನ ಗಂಟಲಲ್ಲ, ಅಣ್ಣನದು. ಅಣ್ಣ ಮಾತಿಗೆ ಮುಂಚೆ ಎರಡು ಸಲ ಕೆಮ್ಮುತ್ತಿದ್ದ. ಮೊದಲನೆಯದು ಸಣ್ಣದು, ಎರಡನೆಯದು ಎದೆಯಾಳದ್ದು, ಖಾಲಿ ಡ್ರಮ್ಮನ್ನು ಯಾರೋ ಸಿಮೆಂಟಿನ ನೆಲದ ಮೇಲೆ ಎಳೆದ ಹಾಗೆ. ಆ ಎರಡನೆಯ ಕೆಮ್ಮು ಸರಿಯಾಗಿ ಕೂತರೆ ಉಳಿದ ಮಾತೆಲ್ಲ ಅದರ ಬಾಲ ಹಿಡಿದು ತಾನಾಗಿ ಬರುತ್ತಿತ್ತು.

ವಾಚ್‌ಮನ್ ತನ್ನ ಕೋಣೆಯ ಬಾಗಿಲು ಮುಂದೆ ಮಾಡಿ, ಗೋಡೆಗೆ ಹೊಡೆದಿದ್ದ ಇಂಟರ್‌ಕಾಮ್ ಪೆಟ್ಟಿಗೆಯಲ್ಲಿ ಮೂರನೇ ಮಹಡಿಯ ಬಟನ್ ಒತ್ತಿದ. ಅವನ ಕೈಯಲ್ಲಿ ವಾಚೂ ಇರಲಿಲ್ಲ, ಕಣ್ಣಲ್ಲಿ ವಾಚು ಮಾಡುವ ಉತ್ಸಾಹವೂ ಇರಲಿಲ್ಲ. ಆದರೆ ಭಾನುವಾರ ಸಂಜೆಯ ಈ ಕೆಲಸವನ್ನು ಅವನು ಒಮ್ಮೆಯೂ ತಪ್ಪಿಸಿರಲಿಲ್ಲ.

"ಅಮ್ಮಾವ್ರೆ, ನಿಮ್ಮ ದೊಡ್ಡ ಮಗನ ಫೋನ್ ಬಂದಿದೆ ಹೊರಗಿಂದ. ಕೊಡ್ತೀನಿ, ಲೈನಲ್ಲೇ ಇರಿ," ಎಂದು ರಿಸೀವರನ್ನು ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕವನಿಗೆ ಕೊಟ್ಟ.

ಕಟ್ಟಡ ಕಟ್ಟಿದ ವರ್ಷ ಹಾಕಿದ ತಂತಿಗಳು ಅವು. ಕಿವಿಗಿಟ್ಟರೆ ಒಣಗಿದ ಎಲೆಗಳ ಮೇಲೆ ನಡೆದಂತೆ ಕರಕರ ಸದ್ದು. ಆ ಸದ್ದಿನ ಆಚೆಗೆ, ಮೂರು ಮಹಡಿ ಮೇಲೆ, ಅಮ್ಮ ಉಸಿರಾಡುವುದು ಕೇಳಿಸಿತು.

"ಹೂಂ... ಹೇಳಮ್ಮ," ಎಂದ ಚಿಕ್ಕವನು.

"ದೊಡ್ಡೋನೆ, ಊಟ ಆಯ್ತೇನೋ?"

"ಇನ್ನೂ ಕತ್ತಲೇ ಆಗಿಲ್ಲ, ಆಗ್ಲೇ ಊಟಾನಾ? ನಿನ್ನ ಮಂಡಿ ಹೇಗಿದೆ?"

"ಮಂಡಿ ಇದೆ ಕಣೋ, ಎಲ್ಲಿಗೂ ಹೋಗಿಲ್ಲ. ಹೋಗೋದು ಬಿಟ್ಟೇ ಅದು ಮಂಡಿಯೂರಿರೋದು. ನೀನು ಯಾವಾಗ ಬರ್ತೀಯ?"

"ರಜ ಸಿಕ್ಕಿದ ತಕ್ಷಣ."

"ಏನು ಸ್ಕೂಲೋ ಏನೋ. ಮಕ್ಕಳನ್ನ ಮೈದಾನದಲ್ಲಿ ಓಡಿಸೋಕೆ ವರ್ಷಪೂರ್ತಿ ಬೇಕಾ?" ಅಮ್ಮ ದನಿ ತಗ್ಗಿಸಿದಳು. "ಚಿಕ್ಕೋನು ಮನೇಲಿಲ್ಲ. ನಿನ್ನ ಫೋನ್ ಬರೋ ಹೊತ್ತಿಗೆ ಸರಿಯಾಗಿ ಎಲ್ಲಾದ್ರೂ ಹೊರಟುಬಿಡ್ತಾನೆ. ಇನ್ನೂ ನಿನ್ನ ಮೇಲೆ ಕೋಪ ಅನ್ಸತ್ತೆ. ಮೊದಲಿಂದ್ಲೂ ಅವನ ಮನಸ್ಸು ಸಣ್ಣದು. ನೀನೇ ಸೈರಿಸ್ಕೋ."

"ಸೈರಿಸ್ಕೋತೀನಮ್ಮ," ಎಂದ ಚಿಕ್ಕವನು, ಅಣ್ಣನ ದನಿಯಲ್ಲಿ.

ಫೋನಿಟ್ಟ ಮೇಲೆ ಅವನು ಎಂದಿನಂತೆ ಸ್ವಲ್ಪ ಹೊತ್ತು ಅಲ್ಲೇ ಕೂತ. ತಕ್ಷಣ ಮೇಲೆ ಹೋಗುವ ಹಾಗಿರಲಿಲ್ಲ. ಅಮ್ಮನ ಕಣ್ಣಿಗೆ ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಕಿವಿ ಮಾತ್ರ ಕಣ್ಣಿನ ಪಾಲನ್ನೂ ಸೇರಿಸಿಕೊಂಡು ಚುರುಕಾಗಿತ್ತು. ಮೆಟ್ಟಿಲ ಮೇಲಿನ ಹೆಜ್ಜೆಯಿಂದಲೇ ಬರುತ್ತಿರುವವರು ಯಾರು, ಕೈಯಲ್ಲಿ ಚೀಲ ಇದೆಯೋ ಇಲ್ಲವೋ, ಮನಸ್ಸು ಸರಿಯಿದೆಯೋ ಇಲ್ಲವೋ ಎಲ್ಲ ಹೇಳಿಬಿಡುತ್ತಿದ್ದಳು. ಹಾಗಾಗಿ ಅವನು ಪ್ರತಿ ಭಾನುವಾರ ಒಂದು ಚೀಲ ತರಕಾರಿ ಕೊಂಡು, ವಾಚ್‌ಮನ್ ಕೋಣೆಯಲ್ಲಿ ಅದನ್ನು ಕಾಲ ಬಳಿ ಇಟ್ಟುಕೊಂಡೇ ಅಣ್ಣನಾಗುತ್ತಿದ್ದ.

"ಸಾರ್," ಎಂದ ವಾಚ್‌ಮನ್, ರಿಸೀವರಿನ ಸುರುಳಿ ತಂತಿಯ ಗಂಟು ಬಿಡಿಸುತ್ತಾ. "ಈ ಪೆಟ್ಟಿಗೆ ಇನ್ನು ಹೆಚ್ಚು ದಿನ ಇರಲ್ಲ. ಫೈಬರ್ ಬರ್ತಿದೆಯಂತೆ. ಬುಧವಾರ ಮೀಟಿಂಗು."

"ಬರ್ಲಿ ಬಿಡು. ಈ ಕಟ್ಟಡಕ್ಕೆ ಫೀವರ್ ಬಂದಾಗಿದೆ, ಫೈಬರ್ ಒಂದು ಬಾಕಿ ಇತ್ತು," ಎಂದ ಚಿಕ್ಕವನು. ಆದರೆ ವಾಚ್‌ಮನ್ ನಗಲಿಲ್ಲ, ಅವನೂ ನಗಲಿಲ್ಲ.

*

ಅಪ್ಪ ಸತ್ತದ್ದು ನಾಲ್ಕು ವರ್ಷದ ಹಿಂದೆ. ಆಸ್ಪತ್ರೆಯ ಯಂತ್ರಗಳ ನಡುವೆ ಬಹಳ ದಿನ ಮಲಗಿದ್ದ ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗೋಣ ಎಂದವಳು ಅಮ್ಮ. ಚಿಕ್ಕವನು ಹೂಂ ಎಂದಿದ್ದ. ದೊಡ್ಡವನು ಇನ್ನೊಂದು ಆಪರೇಷನ್ ಮಾಡಿಸೋಣ ಎಂದ. ಮನೆಗೆ ಬಂದ ಎರಡನೇ ದಿನ ಅಪ್ಪ ಹೋದ. ದೊಡ್ಡವನು ನಡುಮನೆಯಲ್ಲಿ ನಿಂತು, ಡ್ರಿಲ್ ಮೇಷ್ಟರ ದನಿಯಲ್ಲಿ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಂತೆ, "ನೀವಿಬ್ರೂ ಸೇರಿ ಅಪ್ಪನ್ನ ಸಾಯಿಸಿದ್ರಿ," ಎಂದು ಹೇಳಿ ಮೆಟ್ಟಿಲಿಳಿದು ಹೋದವನು ಮತ್ತೆ ಹತ್ತಿರಲಿಲ್ಲ. ಫೋನ್ ಎತ್ತಲಿಲ್ಲ. ಮನೆ ಬದಲಾಯಿಸಿದ.

ಅಮ್ಮ ಅವನನ್ನು ಬಯ್ಯಲಿಲ್ಲ. ಊಟ ಕಡಿಮೆ ಮಾಡಿದಳು. ಮೊದಲು ಒಂದು ಹೊತ್ತಿನದು, ಆಮೇಲೆ ಎರಡೂ ಹೊತ್ತಿನದು. ತಟ್ಟೆಯ ಮುಂದೆ ಕೂತು ಮೆಟ್ಟಿಲ ಕಡೆ ಕಿವಿ ಕೊಟ್ಟು ಸುಮ್ಮನಿರುತ್ತಿದ್ದಳು. ಒಂದು ಸಂಜೆ ಚಿಕ್ಕವನು ಕೆಳಗಿಳಿದು ವಾಚ್‌ಮನ್ ಕೋಣೆಗೆ ಹೋಗಿ, ಹೊರಗಿನಿಂದ ಬಂದ ಫೋನನ್ನು ಮನೆಗಳಿಗೆ ಕೊಡುವ ಆ ಪೆಟ್ಟಿಗೆಯಿಂದ, "ಹೂಂ... ಅಮ್ಮ, ನಾನು ಕಣೆ. ಊಟ ಮಾಡು," ಎಂದ. ಅವತ್ತು ಅಮ್ಮ ಎರಡು ಸಲ ಬಡಿಸಿಕೊಂಡಳು.

ಅಣಕಿಸುವುದು ಅವನಿಗೆ ಹುಟ್ಟಿನಿಂದ ಬಂದದ್ದು. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಗಾಜಿನ ತೂತಿನ ಹಿಂದೆ ಕೂತು ದಿನವಿಡೀ ಜನರಿಗೆ ಉತ್ತರ ಕೊಡುವ ಅವನು, ಕೇಳಿದವರ ದನಿಯಲ್ಲೇ ಉತ್ತರ ಕೊಟ್ಟು ಎರಡು ಸಲ ಮೇಲಧಿಕಾರಿಯಿಂದ ಬಯ್ಗುಳ ತಿಂದಿದ್ದ. ಎರಡನೇ ಬಯ್ಗುಳವನ್ನು ಮೊದಲನೆಯ ಬಯ್ಗುಳದ ದನಿಯಲ್ಲೇ ಸಹೋದ್ಯೋಗಿಗಳಿಗೆ ವರದಿ ಮಾಡಿದ್ದ. ಕಟ್ಟಡದವರು ಅವನಿಗಿಟ್ಟ ಹೆಸರು ರೇಡಿಯೋ. ಚಿಕ್ಕಂದಿನಲ್ಲಿ ಬಾಗಿಲಾಚೆ ನಿಂತು ಅಣ್ಣನ ದನಿಯಲ್ಲಿ ಏನು ಕೇಳಿದರೂ ಅಪ್ಪ ಮೋಸಹೋಗುತ್ತಿದ್ದ, ಅಮ್ಮ ಹೋಗುತ್ತಿರಲಿಲ್ಲ. "ಸಾವಿರ ಜನ ಒಟ್ಟಿಗೆ ಕೂಗಿದ್ರೂ ನನ್ನ ಮಕ್ಕಳ ದನಿ ನಂಗೆ ಬೇರೆ ಕೇಳತ್ತೆ," ಎನ್ನುತ್ತಿದ್ದಳು. ಅದು ಬರಿಯ ಜಂಭವಲ್ಲ. ಒಮ್ಮೆ ಇಂಟರ್‌ಕಾಮ್ ಕೆಟ್ಟಾಗ ಅವನು ಹೆಂಡತಿಯ ಮೊಬೈಲಿಗೆ ಹೊರಗಿನಿಂದ ಫೋನ್ ಮಾಡಿ ಅಣ್ಣನಾಗಿದ್ದ. ಎರಡನೇ ಮಾತಿಗೇ ಅಮ್ಮ, "ಯಾರು ನೀನು?" ಎಂದಿದ್ದಳು. ಅವನು ರಾಂಗ್ ನಂಬರ್ ಎಂದು ಇಟ್ಟುಬಿಟ್ಟಿದ್ದ.

ಅವನನ್ನು ಅಣ್ಣನಾಗಿ ಉಳಿಸಿದ್ದು ಆ ಕರಕರ ಸದ್ದು. ಅವನ ಕಲೆಯಲ್ಲಿ ಎಲ್ಲೆಲ್ಲಿ ತೂತಿತ್ತೋ ಅಲ್ಲೆಲ್ಲ ಆ ಹಳೆಯ ತಂತಿ ತೇಪೆ ಹಾಕುತ್ತಿತ್ತು.

*

ಬುಧವಾರ ಸಂಜೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗು. ಸೆಕ್ರೆಟರಿ ಬಾಯಿ ತೆರೆದರೆ ಸುತ್ತೋಲೆಯೇ ಹೊರಬರುತ್ತಿತ್ತು.

"ಈ ಮೂಲಕ ಎಲ್ಲ ನಿವಾಸಿಗಳ ಗಮನಕ್ಕೆ ತರೋದೇನಂದ್ರೆ, ಇಂಟರ್‌ನೆಟ್ಟಿಗೆ ಇಡೀ ಕಟ್ಟಡಕ್ಕೆ ಒಂದೇ ಫೈಬರ್ ಲೈನು. ಕೆಳಗಡೆ ಒಂದು ಪೆಟ್ಟಿಗೆ, ಅಲ್ಲಿಂದ ಮನೆಮನೆಗೂ ಒಂದೊಂದು ಎಳೆ. ಎಲ್ಲರೂ ಹಂಚ್ಕೊಳ್ಳೋದು. ಜೊತೆಗೆ ಮನೆಗೊಂದು ಹೊಸ ಫೋನು."

ತೊಂದರೆ ಇದ್ದದ್ದು ಮೆಟ್ಟಿಲ ಪಕ್ಕದ ಕೊಳವೆಯಂಥ ಸಂದಿನಲ್ಲಿ. ಕೆಳಗಿನಿಂದ ಮೇಲಿನವರೆಗೆ ಎಲ್ಲ ತಂತಿಗಳೂ ಹಾಯುವ ಆ ಡಕ್ಟ್ ಕುತ್ತಿಗೆಯವರೆಗೂ ತುಂಬಿಹೋಗಿತ್ತು. ಇಂಟರ್‌ಕಾಮಿನ ದಪ್ಪ ಕಟ್ಟನ್ನು ಕಿತ್ತರೆ ಮಾತ್ರ ಜಾಗ. ಕಿತ್ತರೆ ಎಲ್ಲ ಮನೆಯದೂ ಹೋಗುತ್ತದೆ, ಹಾಗಾಗಿ ಎಲ್ಲ ಮನೆಯವರೂ ಒಪ್ಪಬೇಕು ಎಂಬುದು ಕಂಪನಿಯ ಷರತ್ತು.

ಒಪ್ಪಿದವರು ಕೈಯೆತ್ತಿದರು. ಒಂದು ಕೈ ಮಾತ್ರ ತೊಡೆಯ ಮೇಲೇ ಉಳಿಯಿತು.

"ಏನ್ರೀ ರೇಡಿಯೋ, ನಿಮ್ಮದೇನು ತಕರಾರು?"

"ತಕರಾರೇನಿಲ್ಲ ಸಾರ್. ಇಂಟರ್‌ಕಾಮ್ ಚೆನ್ನಾಗೇ ಇದೆಯಲ್ಲ," ಎಂದ ಚಿಕ್ಕವನು.

"ಚೆನ್ನಾಗಿದೆಯಾ? ಅದ್ರಲ್ಲಿ ಮಾತಾಡಿದ್ರೆ ಕಡಲೆ ಹುರಿದ ಹಾಗೆ ಕೇಳತ್ತೆ."

ಚಿಕ್ಕವನು ಎದ್ದು ನಿಂತು, ಸೆಕ್ರೆಟರಿಯ ಹಾಗೆ ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು, "ಈ ಮೂಲಕ ಎಲ್ಲ ನಿವಾಸಿಗಳ ಗಮನಕ್ಕೆ ತರೋದೇನಂದ್ರೆ, ನಮ್ಮಲ್ಲಿ ಲಿಫ್ಟಿದೆ, ಎತ್ತಲ್ಲ, ಟ್ಯಾಂಕಿದೆ, ತುಂಬಲ್ಲ, ಇನ್ನು ಲೈನೊಂದು ಬರುತ್ತೆ, ಹತ್ತಲ್ಲ," ಎಂದ. ದನಿ, ಉಗುಳು, ಕೈ ತಿರುವುವ ರೀತಿ ಎಲ್ಲ ಹಾಗೇ ಇತ್ತು. ಎಲ್ಲರೂ ನಕ್ಕರು. ಸೆಕ್ರೆಟರಿ ಕೂಡ ನಗಬೇಕಾಯಿತು. ತೀರ್ಮಾನ ಇನ್ನೊಂದು ದಿನಕ್ಕೆ ಮುಂದೆ ಹೋಯಿತು.

ನಗದವರು ಒಬ್ಬರೇ, ಎರಡನೇ ಮಹಡಿಯ ಟ್ಯೂಷನ್ ಮೇಡಂ. ಕಂಪ್ಯೂಟರಿನಲ್ಲಿ ದೂರದ ಮಕ್ಕಳಿಗೆ ಪಾಠ ಹೇಳುವ ಅವರಿಗೆ ಮನೆಯೊಳಗೆ ಇಂಟರ್‌ನೆಟ್ ಸಿಗ್ನಲ್ ಸಿಗುತ್ತಿರಲಿಲ್ಲ. ಬಿಸಿಲಿರಲಿ ಗಾಳಿಯಿರಲಿ, ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಛತ್ರಿ ಬಿಡಿಸಿಕೊಂಡು ಕೂತು ಭಿನ್ನರಾಶಿ ವಿವರಿಸುತ್ತಿದ್ದರು. ಕುರ್ಚಿ ಮಡಚುವಾಗ ಅವನ ಹತ್ತಿರ ಬಂದರು.

"ನೀವು ಯಾರಿಗೂ ಕೆಟ್ಟದ್ದು ಬಯಸೋರಲ್ಲ. ಏನೋ ಇದೆ. ಏನು ಅಂತ ಕೇಳಲ್ಲ. ಆದ್ರೆ ಈ ಸಲ ನನ್ನ ತರಗತೀನ ಬೇರೆಯವರಿಗೆ ಕೊಡ್ತಾರಂತೆ, ಪಾಠದ ಮಧ್ಯ ಮಧ್ಯ ನಾನು ಮಾಯ ಆಗ್ತೀನಿ ಅಂತ."

ಅವನಿಗೆ ಯಾರ ದನಿಯೂ ನೆರವಿಗೆ ಬರಲಿಲ್ಲ. ತನ್ನ ದನಿಯಲ್ಲಿ, "ನೋಡ್ತೀನಿ ಮೇಡಂ," ಎಂದ.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಮಲಗಿದ್ದರೂ ಅವಳು ಪಿಸುಗುಟ್ಟಿಯೇ ಮಾತಾಡಿದಳು. ಆ ಮನೆಯಲ್ಲಿ ಗುಟ್ಟು ಎಂದರೆ ಅಷ್ಟು ಕೆಳದನಿ.

"ಎಷ್ಟು ದಿನ ಅಂತ ಕಟ್ಟಡದೋರ ಕಾಲಿಗೆ ಅಡ್ಡ ಬೀಳ್ತೀರಿ? ಹೋಗಿ ಭಾವನ್ನ ನೋಡ್ಕೊಂಡು ಬನ್ನಿ. ಒಂದ್ಸಲ, ಒಂದೇ ಸಲ, ಅವ್ರೇ ಮಾತಾಡ್ಲಿ. ಆಮೇಲೆ ನೀವು ಈ ವೇಷ ಕಳಚಬಹುದು."

"ವೇಷ ಅಲ್ಲ ಕಣೆ, ಬರೀ ದನಿ."

"ನಿಮ್ಮನ್ನ ಅತ್ತೆ ಬಯ್ಯೋದನ್ನ ವಾರವಾರ ನೀವೇ ಕೇಳಿಸ್ಕೊಂಡು ಬರ್ತೀರಲ್ಲ, ಅದಕ್ಕೇನಂತಾರೆ?"

*

ಅಣ್ಣನ ಶಾಲೆ ಇದ್ದದ್ದು ಅದೇ ನಗರದ ಇನ್ನೊಂದು ತುದಿಯಲ್ಲಿ, ಎರಡು ಬಸ್ಸಿನ ದೂರದಲ್ಲಿ. ಅಮ್ಮನ ಲೆಕ್ಕದಲ್ಲಿ ಮಾತ್ರ ಅವನು ರಜೆ ಸಿಗದಷ್ಟು ದೂರಕ್ಕೆ ವರ್ಗವಾಗಿದ್ದ. ಇಲ್ಲದ ಊರಿಗೆ ಅವನನ್ನು ವರ್ಗ ಮಾಡಿ ಅಲ್ಲಿನ ಹವೆ, ಬಾಡಿಗೆ ಮನೆಯ ಸೋರುವ ನಲ್ಲಿ, ಹೆಡ್‌ಮಾಸ್ಟರ ಜಿಪುಣತನ ಎಲ್ಲವನ್ನೂ ಚಿಕ್ಕವನು ಭಾನುವಾರ ಭಾನುವಾರ ಕಟ್ಟಿ ನಿಲ್ಲಿಸಿದ್ದ.

ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಒಂದು ಉದ್ದ ಸೀಟಿ. ಸಾಲು ಬಲಕ್ಕೆ ತಿರುಗಿತು. ಎರಡು ಗಿಡ್ಡ ಸೀಟಿ, ನಿಂತಿತು. ಚಿಕ್ಕವನಿಗೆ ಆಶ್ಚರ್ಯವಾಯಿತು. ಸೀಟಿ ಊದುವವರನ್ನು ಕಂಡರೆ ಅಣ್ಣ ನಗುತ್ತಿದ್ದ. "ಗಂಟಲಿಲ್ಲದೋರ ಗಂಟೆ ಅದು," ಎನ್ನುತ್ತಿದ್ದ. ಅಂಥವನು ಈಗ ಕುತ್ತಿಗೆಯ ಸುತ್ತ ತೆಳುವಾದ ಬಟ್ಟೆ ಸುತ್ತಿಕೊಂಡು ಸೀಟಿ ಊದುತ್ತಿದ್ದ. ತಮ್ಮನನ್ನು ಕಂಡು ಸೀಟಿಯನ್ನು ತುಟಿಯಿಂದ ತೆಗೆದ. ಮಕ್ಕಳಿಗೆ ಕೈಸನ್ನೆ ಮಾಡಿ, ಆಟದ ಸಾಮಾನಿನ ಕೋಣೆಯತ್ತ ನಡೆದ.

ಒಳಗೆ ಹಳೆಯ ನೆಟ್ಟುಗಳು, ಗಾಳಿ ಹೋದ ಚೆಂಡುಗಳು, ಸುಣ್ಣದ ಪುಡಿಯ ವಾಸನೆ. ಅಣ್ಣ ಸ್ಟೂಲು ತೋರಿಸಿದ. ಆಮೇಲೆ ಕೇಳಿದ:

"ಅಮ್ಮಂಗೆ ಏನಾದ್ರೂ ಆಯ್ತಾ?"

ಅದು ದನಿಯಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಮುದುರಿದಂಥ ಸದ್ದು. ಒಂದು ಕ್ಷಣ ಅಣ್ಣ ಯಾರನ್ನೋ ಅಣಕಿಸುತ್ತಿದ್ದಾನೆ ಎಂದೇ ಚಿಕ್ಕವನಿಗೆ ಅನಿಸಿತು. ಅಣ್ಣ ಕುತ್ತಿಗೆಯ ಬಟ್ಟೆಯನ್ನು ಬೆರಳಿನಿಂದ ಕೆಳಗೆಳೆದು ತೋರಿಸಿದ. ಅಡ್ಡಲಾಗಿ ಹೊಳೆಯುವ ಗಾಯದ ಗುರುತು.

"ಗಂಟು ಇತ್ತು. ತೆಗೆದ್ರು. ಅದರ ಜೊತೆ ಇದನ್ನೂ ತಗೊಂಡು ಹೋದ್ರು."

"ಯಾವಾಗ?"

"ಎರಡು ವರ್ಷ ಆಯ್ತು."

"ಒಂದು ಮಾತು ಹೇಳ್ಬಾರದಾ?"

"ಹೇಳೋಕೆ ಮಾತೆಲ್ಲಿತ್ತು?" ಅಣ್ಣ ನಕ್ಕ. ನಗುವಿಗೂ ಸದ್ದಿರಲಿಲ್ಲ, ಭುಜ ಮಾತ್ರ ಕುಲುಕಿತು.

ಅಮ್ಮನಿಗೆ ಏನೂ ಆಗಿಲ್ಲ ಎಂದು ಹೇಳಿ, ಏನು ಆಗಿದೆ ಎಂಬುದನ್ನು ಚಿಕ್ಕವನು ಹೇಳತೊಡಗಿದ. ಊಟ ಬಿಟ್ಟದ್ದು, ವಾಚ್‌ಮನ್ ಕೋಣೆ, ಭಾನುವಾರಗಳು, ಇಲ್ಲದ ಊರು, ಈಗ ಬಂದಿರುವ ಫೈಬರು. ಅಣ್ಣ ಮಡಿಲಲ್ಲಿ ಒಂದು ಮೆತ್ತಗಾದ ಚೆಂಡಿಟ್ಟುಕೊಂಡು, ಅದನ್ನು ಒತ್ತುತ್ತಾ ಬಿಡುತ್ತಾ ಕೇಳಿದ. ಮುಗಿದ ಮೇಲೆ ಚೆಂಡನ್ನು ಅಂಗೈಯಲ್ಲಿ ತಿರುಗಿಸಿದ.

"ಮಾಡು," ಎಂದ.

"ಏನು?"

"ನನ್ನ ದನಿ. ಒಂದ್ಸಲ."

"ಬೇಡ ಅಣ್ಣ."

"ಮಾಡೋ."

ಚಿಕ್ಕವನು ಎರಡು ಸಲ ಕೆಮ್ಮಿದ. ಡ್ರಮ್ಮು ನೆಲದ ಮೇಲೆ ಉರುಳಿತು. "ಹೂಂ... ಹೇಳಮ್ಮ. ಮಂಡಿ ಹೇಗಿದೆ? ಆ ಎಣ್ಣೆ ಹಚ್ಕೋತಿದೀಯ ತಾನೇ?" ಆ ಸಣ್ಣ ಕೋಣೆ ದನಿಯಿಂದ ತುಂಬಿಹೋಯಿತು. ತಗಡಿನ ಬೀರು ಕೂಡ ಸಣ್ಣಗೆ ಕಂಪಿಸಿತು.

ಬಾಗಿಲಲ್ಲಿ ಶಾಲೆಯ ಆಯಾ ಪೊರಕೆ ಹಿಡಿದು ಬಂದು ನಿಂತಳು. ಅವಳ ಮುಖ ಅರಳಿತ್ತು. "ಮೇಷ್ಟ್ರೇ, ದನಿ ವಾಪಸ್ ಬಂತಾ? ಅಲ್ಲಿ ಬಾವಿ ಹತ್ರಾನೇ ಕೇಳ್ತು ನಂಗೆ."

ಅಣ್ಣ ತಲೆಯಾಡಿಸಿ ತಮ್ಮನ ಕಡೆ ಕೈ ತೋರಿಸಿದ. ಆಯಾ ಇಬ್ಬರನ್ನೂ ನೋಡಿ, ಅರ್ಥವಾಗದೆ, ಹೊರಟುಹೋದಳು.

"ಇನ್ನೇನೇನು ಹೇಳಿದೀಯ, ನಾನಾಗಿ?"

ಚಿಕ್ಕವನು ಕೈಯಲ್ಲಿದ್ದ ಚೀಲದ ಹಿಡಿಕೆಯನ್ನು ತಿರುಚಿದ. "ಅವತ್ತು ಹಾಗೆ ಅನ್ನಬಾರದಿತ್ತು, ತಪ್ಪಾಯ್ತು ಅಂತ. ಮೊದಲ ವರ್ಷವೇ. ಅವಳು ಅತ್ತಳು. ಆಮೇಲೆ ಬಿಡು ಕಣೋ ಅಂದಳು. ಅವತ್ತಿಂದ ನಿದ್ದೆ ಮಾಡ್ತಾಳೆ."

ಅಣ್ಣ ಚೆಂಡನ್ನು ಗೋಡೆಗೆ ಎಸೆದ. ಗಾಳಿಯಿಲ್ಲದ ಚೆಂಡು, ಪುಟಿಯಲಿಲ್ಲ. ಗೋಡೆಗೆ ಬಡಿದು ಅಲ್ಲೇ ಬಿತ್ತು.

"ಅದನ್ನ ಹೇಳೋಕೆ ನೀನ್ಯಾರೋ? ಅದು ನಾನು ಹೇಳ್ಬೇಕಾಗಿದ್ದ ಮಾತು." ಕಿರುಚಬೇಕಾದ ಮಾತು ಅದು, ಕಾಗದ ಮುದುರಿದಂತೆಯೇ ಬಂತು. "ದಿನಾ ಕನ್ನಡಿ ಮುಂದೆ ಹೇಳ್ಕೋತಿದ್ದೆ, ಗಂಟಲಿದ್ದಾಗ. ನಾಳೆ ಹೋಗ್ತೀನಿ, ನಾಡಿದ್ದು ಹೋಗ್ತೀನಿ ಅಂತ. ಆಮೇಲೆ ಇದಾಯ್ತು. ಈ ದನೀಲಿ ಹೋಗಿ ನಿಂತ್ರೆ ಅವಳಿಗೆ ಏನಂತ ಕಾಣ್ತೀನಿ ನಾನು?"

"ಅವಳಿಗೆ ಯಾರೂ ಕಾಣಲ್ಲ ಅಣ್ಣ. ಕಣ್ಣು ಹೋಗಿದೆ."

ಅಣ್ಣನಿಗೆ ಅದು ಗೊತ್ತಿರಲಿಲ್ಲ. ಅವನು ಎದ್ದು ಹೋಗಿ ಚೆಂಡನ್ನು ಹೆಕ್ಕಿಕೊಂಡು ಬಂದು, ಪಂಪು ಸಿಕ್ಕಿಸಿ, ಗಾಳಿ ಹೊಡೆಯತೊಡಗಿದ. ಚೆಂಡು ಗಟ್ಟಿಯಾದ ಮೇಲೂ ಹೊಡೆಯುತ್ತಲೇ ಇದ್ದ.

"ಒಪ್ಕೊಂಡುಬಿಡು ಆ ಫೈಬರಿಗೆ," ಎಂದ ಕೊನೆಗೆ. "ಹೊಸ ಫೋನ್ ಬಂದ ಭಾನುವಾರ ನಾನೇ ಮಾಡ್ತೀನಿ. ಲೈನು ಚೆನ್ನಾಗಿದ್ರೆ ಈ ದನೀನೂ ಕೇಳಿಸತ್ತೆ. ಎಲ್ಲ ನಾನೇ ಹೇಳ್ತೀನಿ. ಅವಳು ಬಾ ಅಂದ್ರೆ ಬರ್ತೀನಿ."

*

ಚಿಕ್ಕವನು ಒಪ್ಪಿಗೆ ಕೊಟ್ಟ ಮರುವಾರವೇ ಕೆಲಸ ಶುರುವಾಯಿತು. ಮೆಟ್ಟಿಲುದ್ದಕ್ಕೂ ಗೋಡೆ ಕೊರೆಯುವ ಡ್ರಿಲ್ಲಿನ ಸದ್ದು. ಟೆರೇಸಿನಲ್ಲಿದ್ದ ಡಕ್ಟಿನ ಬಾಯಿಯಿಂದ ಇಂಟರ್‌ಕಾಮಿನ ಕಟ್ಟನ್ನು ಕತ್ತರಿಸಿ ಕೆಳಗೆ ಬಿಟ್ಟು, ಫೈಬರಿನವನು ಬುಡದಿಂದ ಎಳೆಯತೊಡಗಿದ. ಧೂಳು, ಪಾರಿವಾಳದ ಗೂಡಿನ ಕಡ್ಡಿಗಳು, ಯಾವ ಕಾಲದ್ದೋ ಒಂದು ಒಂಟಿ ಚಪ್ಪಲಿ, ಕೊನೆಗೆ ಮಾರುದ್ದ ಮಾರುದ್ದ ಬಣ್ಣದ ತಂತಿಗಳು. ಪಾರ್ಕಿಂಗಿನಲ್ಲಿ ಅದು ಕರುಳಿನ ರಾಶಿಯ ಹಾಗೆ ಬಿತ್ತು. ವಾಚ್‌ಮನ್ ಕೋಣೆಯಿಂದ ಪೆಟ್ಟಿಗೆ ಬಿಚ್ಚಿದರು. ಅದು ಇದ್ದ ಕಡೆ ಗೋಡೆಯ ಮೇಲೆ ಹಳೆಯ ಬಣ್ಣದ ಒಂದು ಚೌಕ ಮಾತ್ರ ಉಳಿಯಿತು. ವಾಚ್‌ಮನ್ ಎರಡು ದಿನ ಆ ಚೌಕದ ಕೆಳಗೆ ಸುಮ್ಮನೆ ಕೂತ, ಮೂರನೇ ದಿನ ಅಲ್ಲೊಂದು ಮೊಳೆ ಹೊಡೆದು ಅಂಗಿ ನೇತುಹಾಕಿದ.

ಫೈಬರಿನವನು ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳನ್ನು ಒಂದು ಪುಟ್ಟ ಯಂತ್ರದಲ್ಲಿಟ್ಟು ಬೆಸೆಯುತ್ತಿದ್ದ. ಚಿಕ್ಕವನು ಬಗ್ಗಿ ನೋಡಿದ.

"ಇದರೊಳಗೇನು ಹೋಗತ್ತೆ?"

"ಬೆಳಕು ಸಾರ್. ಮಾತೂ ಬೆಳಕಾಗಿ ಹೋಗತ್ತೆ. ನೀವು ಇದನ್ನ ಮಡಚೋಕೆ ಮಾತ್ರ ಹೋಗ್ಬೇಡಿ. ಮಡಚಿದ್ರೆ ನೋಡೋಕೆ ಸರಿಯಾಗೇ ಇರತ್ತೆ, ಒಳಗೆ ಮುರಿದಿರತ್ತೆ."

ಬಾಗಿಲ ಪಕ್ಕ, ಹೊರಗೋಡೆಯ ಮೇಲೆ, ಅಂಗೈಯಗಲದ ಬಿಳಿ ಪೆಟ್ಟಿಗೆ ಕೂತಿತು. ಅದರಲ್ಲಿ ಹಸಿರು ದೀಪವೊಂದು ಮಿಟುಕಿತು. ಒಳಗೆ, ಅಮ್ಮನ ಮಂಚದ ಬಳಿಯ ಮೇಜಿನ ಮೇಲೆ ಹೊಸ ಫೋನು. ಅಮ್ಮ ಅದನ್ನು ಎತ್ತಿ, ಸವರಿ, ಬಟನ್ನುಗಳನ್ನು ಬೆರಳಿನಿಂದ ಎಣಿಸಿ, "ಹಗುರ ಇದೆ, ಆಟದ ಸಾಮಾನಿನ ಹಾಗೆ," ಎಂದಳು. ಕೆಳಮಹಡಿಯ ಟ್ಯೂಷನ್ ಮೇಡಂ ತಮ್ಮ ಮನೆಯಿಂದಲೇ ಫೋನ್ ಮಾಡಿ ಮಾತಾಡಿದರು. ಅಮ್ಮ ಬೆಚ್ಚಿ ಪಕ್ಕಕ್ಕೆ ಕೈ ಚಾಚಿದಳು, ಅವರು ಮಂಚದ ಮೇಲೇ ಕೂತಿದ್ದಾರೇನೋ ಎಂಬಂತೆ.

"ಏನೂ ಸದ್ದೇ ಇಲ್ವಲ್ಲೋ ಇದ್ರಲ್ಲಿ. ಉಸಿರೂ ಕೇಳತ್ತೆ," ಎಂದಳು ಆಮೇಲೆ. ಅವತ್ತೆಲ್ಲ ಖುಷಿಯಾಗಿದ್ದಳು. "ಭಾನುವಾರ ದೊಡ್ಡೋನು ಮಾಡ್ಲಿ. ಪಾಪ, ಆ ಹಾಳು ಲೈನಲ್ಲಿ ಅವನು ಗಂಟಲು ಹರ್ಕೋಬೇಕಿತ್ತು."

*

ಭಾನುವಾರ ಸಂಜೆ ಚಿಕ್ಕವನು ಎಂದಿನಂತೆ ಚೀಲ ಹಿಡಿದು, "ತರಕಾರಿ ತರ್ತೀನಮ್ಮ," ಎಂದು ಹೊರಟ. ಹೊಸ ನಂಬರನ್ನು ಅಣ್ಣನಿಗೆ ಮೊದಲೇ ಮುಟ್ಟಿಸಿದ್ದ. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ನಾಲ್ಕು ಮೆಟ್ಟಿಲು ಇಳಿದ ಸದ್ದು ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮತ್ತೆ ಹತ್ತಿ, ಬಿಳಿ ಪೆಟ್ಟಿಗೆಯ ಪಕ್ಕ ಗೋಡೆಗೆ ಒರಗಿ ನಿಂತ. ಇವತ್ತು ಅಣ್ಣನೂ ಅಮ್ಮನೂ ಮಾತಾಡಲಿ, ಅವಳು ಬಾ ಎನ್ನಲಿ, ಆಮೇಲೆ ತಾನು ಹೊರಗಿನಿಂದ ಬಂದವನಂತೆ ಒಳಗೆ ಹೋಗಿ, "ಅಣ್ಣ ಮಾಡಿದ್ನಾ?" ಎಂದು ಕೇಳುವುದು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆಯನ್ನು ನಿಜವಾಗಿ ಕೇಳುವುದು.

ಫೋನ್ ಬಡಿದುಕೊಂಡಿತು. ಹೆಂಡತಿ ಅತ್ತೆಗೆ ಅನುಕೂಲವಾಗಲಿ ಎಂದು ಸ್ಪೀಕರಿನ ಬಟನ್ ಒತ್ತಿದಳು.

"ಅಮ್ಮ," ಎಂದಿತು ಆ ದನಿ. "ನಾನು."

"ಯಾರು?"

"ದೊಡ್ಡೋನು."

ಲೈನು ಎಷ್ಟು ಶುದ್ಧವಾಗಿತ್ತೆಂದರೆ, ಅಣ್ಣ ತುಟಿ ಒದ್ದೆ ಮಾಡಿಕೊಂಡದ್ದು ಬಾಗಿಲಾಚೆಗೂ ಕೇಳಿಸಿತು. ಅಮ್ಮ ಫೋನಿನ ಕಡೆ ಕಿವಿ ವಾಲಿಸಿದಳು. ಆಮೇಲೆ ನಕ್ಕಳು.

"ಚಿಕ್ಕೋನೆ. ತರಕಾರಿ ತರ್ತೀನಿ ಅಂತ ಹೋಗಿ ಇದೇನೋ ಹೊಸ ಆಟ?"

"ಅಲ್ಲಮ್ಮ. ನಿಜವಾಗ್ಲೂ ನಾನೇ. ಗಂಟಲು ಆಪರೇಷನ್ ಆಗಿದೆ, ಅದಕ್ಕೇ ದನಿ..."

"ಬಿಡ್ತು ಅನ್ನು." ನಗು ನಿಂತಿತು. "ಅವನ ಮೇಲೆ ನಿಂಗೆ ಕೋಪ ಇರಬಹುದು. ಅದಕ್ಕೆ ಅವನಿಗೆ ಕಾಯಿಲೆ ಕಸಾಲೆ ಹಚ್ಚಬೇಡ. ಮೊನ್ನೆ ತಾನೇ ಮಾತಾಡಿದಾನೆ ನನ್ನ ಹತ್ರ. ಆ ಕರಕರದಲ್ಲೂ ಗಂಟೆ ಹೊಡೆದ ಹಾಗಿತ್ತು ದನಿ. ಹೆತ್ತೋಳಿಗೆ ಗೊತ್ತಾಗಲ್ವಾ?"

ಹೆಂಡತಿ ಏನೋ ಹೇಳಲು ಹೋದಳು. "ಅತ್ತೆ, ಅದು..." ಎಂದು ಅಲ್ಲಿಗೇ ನಿಂತಳು. ಅದು ನಿಜ ಎಂದರೆ, ಯಾವುದು ಸುಳ್ಳು ಎಂದೂ ಹೇಳಬೇಕಾಗುತ್ತಿತ್ತು.

"ಅಮ್ಮ," ಎಂದಿತು ದನಿ, ಒಂದೊಂದೇ ಪದವನ್ನು ನೆಲದಿಂದ ಹೆಕ್ಕಿದಂತೆ. "ಅಪ್ಪ ಹೋದ ದಿನ ಅಂದ ಮಾತು. ಅದಕ್ಕೆ..."

"ಅದು ಅವನು ಹೇಳಿ, ನಾನು ಕೇಳಿ, ಎಂದೋ ಮುಗಿದು ಹೋಗಿದೆ. ತಪ್ಪಾಯ್ತು ಅಂತ ಅವನೇ ಬಾಯಿಬಿಟ್ಟು ಹೇಳಿದಾನೆ. ಅದರ ಮಧ್ಯ ನಿಂದೇನು?"

ಚಿಕ್ಕವನು ಬಾಗಿಲಿಗೆ ಕೈಯಿಟ್ಟ. ತಳ್ಳಿದರೆ ತೆರೆಯುತ್ತಿತ್ತು. ಅಂಗೈಯ ಕೆಳಗೆ ಮರ ತಣ್ಣಗಿತ್ತು. ಒಳಗೆ ಹೋಗಿ, ಅಮ್ಮ, ನಾನು ಇಲ್ಲಿದ್ದೀನಿ, ಫೋನಿನಲ್ಲಿರೋದು ಅವನೇ ಎಂದರೆ, ಅವಳು ನಿದ್ದೆ ಮಾಡಿದ ಅಷ್ಟೂ ರಾತ್ರಿಗಳನ್ನು ವಾಪಸ್ ಕೇಳಿದ ಹಾಗೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಫೋನಿನಲ್ಲಿ ಕರಕರವೂ ಇರಲಿಲ್ಲ. ದೂರದಲ್ಲೆಲ್ಲೋ, ಅಣ್ಣನ ಮನೆಯಲ್ಲಿ, ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು.

"ಹೂಂನಮ್ಮ," ಎಂದಿತು ದನಿ. "ನಾನೇ. ಚಿಕ್ಕೋನು. ಸುಮ್ನೆ ತಮಾಷೆ ಮಾಡ್ದೆ."

"ಗೊತ್ತಾಯ್ತು ಬಿಡು. ಶೀತ ಬೇರೆ ಮಾಡ್ಕೊಂಡಿದೀಯ, ದನಿ ಕಟ್ಟಿದೆ. ಬೀದಿ ಸುತ್ತಿದ್ದು ಸಾಕು," ಅಮ್ಮನ ದನಿ ಮೆತ್ತಗಾಯಿತು. "ಬಾ. ಊಟಕ್ಕೆ ಬಾ."

"ಬರ್ತೀನಮ್ಮ," ಎಂದ ದೊಡ್ಡವನು.

ಫೋನಿಟ್ಟ ಸಣ್ಣ ಸದ್ದು ಕೂಡ ಸ್ಪಷ್ಟವಾಗಿ ಕೇಳಿಸಿತು.

ಒಳಗೆ ಅಮ್ಮ ಸೊಸೆಗೆ ಹೇಳುತ್ತಿದ್ದಳು, "ಅವನಿಗೆ ತಟ್ಟೆ ಹಾಕು, ಈಗ ಬರ್ತಾನೆ. ದೊಡ್ಡೋನ ಫೋನು ಯಾಕೋ ಇವತ್ತು ತಡ. ಹೊಸ ನಂಬರು ಅವನಿಗೆ ಯಾರಾದ್ರೂ ಕೊಟ್ರಾ?" ಸೊಸೆಯ ಉತ್ತರ ಕೇಳಿಸಲಿಲ್ಲ. ತಟ್ಟೆ ಇಟ್ಟ ಸದ್ದು ಕೇಳಿಸಿತು.

ಬಿಳಿ ಪೆಟ್ಟಿಗೆಯ ಹಸಿರು ದೀಪ ಮಿಟುಕುತ್ತಿತ್ತು. ಚಿಕ್ಕವನು ಚಪ್ಪಲಿಯನ್ನು ಎದೆಗೊತ್ತಿಕೊಂಡು, ಸದ್ದಾಗದಂತೆ ಒಂದು ಮಹಡಿ ಇಳಿದ. ಟ್ಯೂಷನ್ ಮೇಡಂ ಮನೆಯ ಬಾಗಿಲಾಚೆಯಿಂದ ಪಾಠ ಕೇಳುತ್ತಿತ್ತು, ಎಲ್ಲೂ ಕಡಿಯದೆ. ಅವನು ಇನ್ನೊಂದು ಮಹಡಿ ಇಳಿದ. ಅಲ್ಲಿ ಚಪ್ಪಲಿ ಮೆಟ್ಟಿಕೊಂಡು, ಖಾಲಿ ಚೀಲವನ್ನು ಭಾರ ಇದ್ದಂತೆ ಒಂದು ಕೈಗೆ ತೂಗಿಬಿಟ್ಟು, ಒಮ್ಮೆ ಕೆಮ್ಮಿ, ಶೀತವಾದವನ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತತೊಡಗಿದ.